ಹಜಾರಕ್ಕೆ ಒಪ್ಪುವ ಸೋಫಾ: ಅಳತೆಯ ವಿಚಾರ

ದಿನಬಳಕೆಯ ಮಾತಿನಲ್ಲಿ ಹಾಲ್ ಎಂದು ಕರೆಸಿಕೊಳ್ಳುವ ಹಜಾರದಲ್ಲಿ ಎಲ್ಲಕ್ಕಿಂತ ಹೆಚ್ಚು ನೆಲವನ್ನು ಹಿಡಿಯುವ ವಸ್ತು ಸೋಫಾ. ಮಂಚಕ್ಕೆ ಮಲಗುವ ಕೋಣೆಯಿದೆ, ಬೀರುವಿಗೆ ಗೋಡೆಯ ಮೂಲೆಯಿದೆ; ಸೋಫಾ ಮಾತ್ರ ಬಂದುಹೋಗುವವರು ಓಡಾಡುವ, ಮಕ್ಕಳು ಆಡುವ, ಹಬ್ಬಹುಣ್ಣಿಮೆಗಳು ನಡೆಯುವ ಜಾಗದಲ್ಲೇ ನೆಲೆಯೂರುತ್ತದೆ. ಹೀಗಿದ್ದರೂ ಅದನ್ನು ಕೊಳ್ಳುವಾಗ ಬಣ್ಣ, ಬಟ್ಟೆ, ಬೆಲೆಗಳ ಬಗ್ಗೆ ನಡೆಯುವಷ್ಟು ಚರ್ಚೆ ಅಳತೆಯ ಬಗ್ಗೆ ನಡೆಯುವುದಿಲ್ಲ. ಅಳತೆ ತೆಗೆದುಕೊಂಡವರೂ ಸಾಮಾನ್ಯವಾಗಿ ಒಂದು ಗೋಡೆಯ ಉದ್ದವನ್ನಷ್ಟೇ ಅಳೆದು, ಆ ಗೋಡೆಗೆ ಹಿಡಿಯುವ ಅತಿ ದೊಡ್ಡ ಸೋಫಾ ಯಾವುದೆಂದು ಅಂಗಡಿಯಲ್ಲಿ ವಿಚಾರಿಸುತ್ತಾರೆ. ಆದರೆ ಸೋಫಾದ ತಕ್ಕ ಅಳತೆ ನಿರ್ಧಾರವಾಗುವುದು ಅದನ್ನು ಇಟ್ಟ ಮೇಲೆ ಉಳಿಯಬೇಕಾದ ನೆಲದಿಂದ. ಆದ್ದರಿಂದ ಮೊದಲು ಖಾಲಿ ಜಾಗದ ಲೆಕ್ಕ ಹಾಕಿ ಆಮೇಲೆ ಸೋಫಾದ ಲೆಕ್ಕಕ್ಕೆ ಬರಬೇಕೆಂಬುದು ಈ ಭಾಷಣದ ಮುಖ್ಯ ವಾದ.

ಈ ವಾದಕ್ಕೆ ಕನ್ನಡ ನಾಡಿನ ಮನೆಗಳ ರೂಢಿಯಲ್ಲೇ ಆಧಾರವಿದೆ. ತೊಟ್ಟಿಮನೆಯ ಜಗಲಿ, ಉತ್ತರ ಕರ್ನಾಟಕದ ಮನೆಗಳ ಪಡಸಾಲೆ, ತುಳುನಾಡಿನ ಗುತ್ತಿನ ಮನೆಗಳ ಚಾವಡಿ, ಇವೆಲ್ಲ ಒಂದೇ ದಿನದಲ್ಲಿ ಹಲವು ಕೆಲಸಗಳಿಗೆ ಒದಗುತ್ತಿದ್ದ ಜಾಗಗಳು. ಅಲ್ಲಿ ಕೂರುವುದಕ್ಕೆ ಬಳಸುತ್ತಿದ್ದ ಚಾಪೆ, ಕಂಬಳಿ, ಮಣೆ, ಧಾರವಾಡ ಜಿಲ್ಲೆಯ ನವಲಗುಂದದ ಹೆಂಗಸರು ನೇಯುವಂಥ ಜಮಖಾನ, ಇವುಗಳಲ್ಲಿ ಯಾವುದೂ ನೆಲವನ್ನು ಕಾಯಂ ಆಗಿ ಹಿಡಿದುಕೊಳ್ಳುತ್ತಿರಲಿಲ್ಲ. ಕೆಲಸ ಮುಗಿದೊಡನೆ ಸುತ್ತಿ ಮೂಲೆಗಿಟ್ಟರೆ ಅದೇ ಜಾಗ ಊಟದ ಪಂಕ್ತಿಗೋ ರಾತ್ರಿಯ ಹಾಸಿಗೆಗೋ ಸಿದ್ಧವಾಗುತ್ತಿತ್ತು. ಸೋಫಾ ಹಾಗೆ ಸುತ್ತಿಡಲು ಬರುವ ಆಸನವಲ್ಲ, ಹಜಾರದ ಕೆಲಸಗಳಾದರೋ ಇಂದಿಗೂ ಕಡಿಮೆಯಾಗಿಲ್ಲ. ವರಮಹಾಲಕ್ಷ್ಮಿ ವ್ರತಕ್ಕೆ ಕಲಶವಿಡುವುದು, ಗಣೇಶನನ್ನು ಕೂರಿಸುವುದು, ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು, ಸತ್ಯನಾರಾಯಣ ಪೂಜೆ, ಊರಿನಿಂದ ಬಂದ ನೆಂಟರಿಗೆ ಹಾಸಿಗೆ ಹಾಸುವುದು, ಇವೆಲ್ಲವೂ ನಗರದ ಫ್ಲ್ಯಾಟುಗಳಲ್ಲೂ ಅಲ್ಲೇ ನಡೆಯುತ್ತವೆ. ಪಾಶ್ಚಾತ್ಯ ಮನೆಗಳ ಬೈಠಕ್ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಗಳನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಸಾಲದೆಂಬುದಕ್ಕೆ ಇದೇ ಕಾರಣ.

ಮೊದಲ ಕೆಲಸ ಹಜಾರವನ್ನು ಅಳೆಯುವುದು. ಮನೆ ಕೊಂಡಾಗ ದೊರೆತ ಕಾಗದಪತ್ರಗಳ ಅಂಕಿಗಳನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಮಾರಾಟಗಾರರು ಹೇಳುವ ಸೂಪರ್ ಬಿಲ್ಟಪ್ ವಿಸ್ತೀರ್ಣದಲ್ಲಿ ಮೆಟ್ಟಿಲು, ಲಿಫ್ಟ್, ಮೊಗಸಾಲೆಗಳಂಥ ಸಾಮೂಹಿಕ ಜಾಗದ ಪಾಲೂ ಸೇರಿರುತ್ತದೆ; 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ ವಿವರಿಸಿದ ಕಾರ್ಪೆಟ್ ವಿಸ್ತೀರ್ಣವಾದರೋ ಹೊರಗೋಡೆಗಳನ್ನೂ ಬಾಲ್ಕನಿಯನ್ನೂ ಬಿಟ್ಟು ಬಳಕೆಗೆ ಸಿಗುವ ನೆಲವನ್ನು ಹೇಳುತ್ತದಾದರೂ ಒಳಗಿನ ಅಡ್ಡಗೋಡೆಗಳ ದಪ್ಪವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಇನ್ನು ಅನೇಕರು ನೆಲದ ಟೈಲ್ಸ್ ಎಣಿಸಿ ಅಳತೆಯನ್ನು ಅಂದಾಜು ಮಾಡುತ್ತಾರೆ. ಇದು ಸುಲಭದ ಉಪಾಯವೇ ಸರಿ, ಆದರೆ 2 ಅಡಿಯದೆಂದು ಹೇಳುವ ಟೈಲ್ ನಿಜಕ್ಕೂ 600 ಮಿಲಿಮೀಟರ್ ಅಳತೆಯದು. 5 ಟೈಲ್ ಎಂದರೆ 10 ಅಡಿಯೆಂದು ತಿಳಿದ ಜಾಗ ವಾಸ್ತವವಾಗಿ 3 ಮೀಟರ್, ಅಂದರೆ 9 ಅಡಿ 10 ಇಂಚು. ಈ 2 ಇಂಚು ಸೋಫಾದ ವಿಷಯದಲ್ಲಿ ಎಷ್ಟು ಮುಖ್ಯವೆಂಬುದು ಮುಂದಿನ ಲೆಕ್ಕದಲ್ಲಿ ತಿಳಿದುಬರುತ್ತದೆ. ಆದ್ದರಿಂದ ಲೋಹದ ಟೇಪು ಹಿಡಿದು, ಗೋಡೆಯ ಬುಡದಲ್ಲಿ ಮುಂಚಾಚಿರುವ ಸ್ಕರ್ಟಿಂಗ್ ಪಟ್ಟಿಯಿಂದ ಎದುರಿನ ಪಟ್ಟಿಯವರೆಗೆ ಅಳೆಯುವುದು ಕ್ಷೇಮ. ಅದರ ಜೊತೆಗೆ ಬಾಗಿಲು ಯಾವ ಕಡೆಗೆ ಎಷ್ಟು ತೆರೆದುಕೊಳ್ಳುತ್ತದೆ, ಕಿಟಕಿಯ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ, ಸ್ವಿಚ್ಚು ಪ್ಲಗ್ಗುಗಳು ಎಲ್ಲಿವೆ ಎಂಬುದನ್ನೂ ಒಂದು ಕಾಗದದಲ್ಲಿ ಗುರುತು ಮಾಡಿಕೊಳ್ಳಬೇಕು. ಕಿಟಕಿಯ ತಳ ಸಾಮಾನ್ಯವಾಗಿ 3 ಅಡಿ ಎತ್ತರದಲ್ಲಿರುವುದರಿಂದ, ಅದರ ಕೆಳಗೆ ಇಡುವ ಸೋಫಾದ ಬೆನ್ನು 36 ಇಂಚನ್ನು ಮೀರಿದರೆ ಗಾಳಿಗೂ ಪರದೆಗೂ ಅಡ್ಡಿಯಾಗುತ್ತದೆ.

ಎರಡನೆಯದು ಸೋಫಾದ ಅಳತೆಗಳನ್ನು ಅರ್ಥ ಮಾಡಿಕೊಳ್ಳುವುದು. ಅಂಗಡಿಯ ಚೀಟಿಯಲ್ಲಿ ಬರೆದಿರುವ ಉದ್ದ, ಆಳ, ಎತ್ತರಗಳು ಹೊರ ಅಳತೆಗಳು. ಉದ್ದವೆಂದರೆ ಎಡಗೈಯ ಹೊರಗಿನಿಂದ ಬಲಗೈಯ ಹೊರಗಿನವರೆಗಿನ ದೂರ. ಆಳವೆಂದರೆ ಬೆನ್ನಿನ ಹಿಂಬದಿಯಿಂದ ಆಸನದ ಮುಂದಿನ ಅಂಚಿನವರೆಗಿನ ದೂರ. ಎತ್ತರವೆಂದರೆ ನೆಲದಿಂದ ಬೆನ್ನಿನ ತುದಿಯವರೆಗಿನ ದೂರ. ಕೂರುವವರಿಗೆ ಬೇಕಾಗುವುದು ಒಳ ಅಳತೆ. ಒಬ್ಬರು ಮೈ ತಾಗದಂತೆ ಕೂರಲು ಸುಮಾರು 22 ಇಂಚು ಬೇಕೆಂದುಕೊಂಡರೆ ಮೂವರಿಗೆ 66 ಇಂಚು ಸಾಕು. ಈ 66 ಇಂಚಿಗೆ ತಲಾ 6 ಇಂಚು ದಪ್ಪದ ಎರಡು ಕೈಗಳನ್ನು ಸೇರಿಸಿದರೆ ಸೋಫಾ ಆರೂವರೆ ಅಡಿಯಾಗುತ್ತದೆ. ತಲಾ 9 ಇಂಚಿನ ಮೆತ್ತನೆಯ ದಪ್ಪ ಕೈಗಳನ್ನು ಸೇರಿಸಿದರೆ ಅದೇ ಮೂವರ ಸೋಫಾ 7 ಅಡಿಯಾಗುತ್ತದೆ. ಹೆಚ್ಚಿನ ಅರ್ಧ ಅಡಿಯಲ್ಲಿ ಯಾರೂ ಕೂರುವುದಿಲ್ಲ. ಇಕ್ಕಟ್ಟಿನ ಹಜಾರಕ್ಕೆ ತೆಳುಗೈಯ ಮರದ ಸೋಫಾವಾಗಲಿ ಬೆತ್ತದ ಸೋಫಾವಾಗಲಿ ಹೊಂದಿಕೊಳ್ಳುವುದು ಈ ಕಾರಣದಿಂದಲೇ. ಆಸನದ ಸಂಖ್ಯೆಯನ್ನು ತಗ್ಗಿಸದೆ ಅವು ನೆಲವನ್ನು ಉಳಿಸುತ್ತವೆ.

ಈಗ ಖಾಲಿ ಜಾಗದ ಲೆಕ್ಕ. ಕಾಗದ ಪೆನ್ಸಿಲ್ ಕೈಗೆ ಸಿಗುವಂತಿರುವ ಕೇಳುಗರು ಇದನ್ನು ಬರೆದುಕೊಳ್ಳಬಹುದು. ಹಜಾರದ ಅಗಲ 10 ಅಡಿ, ಅಂದರೆ 120 ಇಂಚು ಎಂದಿಟ್ಟುಕೊಂಡು, ಒಂದು ಗೋಡೆಗೆ ಸೋಫಾವನ್ನೂ ಎದುರಿನ ಗೋಡೆಗೆ ಟೀವಿಯ ಕಪಾಟನ್ನೂ ಇಡುವುದೆಂದು ಭಾವಿಸಿದರೆ, ಸೋಫಾದ ಆಳಕ್ಕೆ 36 ಇಂಚು, ಸೋಫಾಕ್ಕೂ ಟೀಪಾಯಿಗೂ ನಡುವೆ ಕಾಲು ಚಾಚಲು 16 ಇಂಚು, ಟೀಪಾಯಿಗೆ 20 ಇಂಚು, ಟೀಪಾಯಿಯ ಆಚೆ ಒಬ್ಬರು ತಟ್ಟೆಲೋಟ ಹಿಡಿದು ಸಲೀಸಾಗಿ ಓಡಾಡಲು 30 ಇಂಚು, ಕಪಾಟಿಗೆ 16 ಇಂಚು ಬೇಕಾಗುತ್ತದೆ. ಒಟ್ಟು 118 ಇಂಚು. ಟೇಪಿನಲ್ಲಿ ಅಳೆದ ನಿಜವಾದ 10 ಅಡಿಯ ಹಜಾರದಲ್ಲಿ ಆಗ ಉಳಿಯುವುದು 2 ಇಂಚು; ಟೈಲ್ಸ್ ಎಣಿಸಿ 10 ಅಡಿಯೆಂದುಕೊಂಡ ಹಜಾರದಲ್ಲಾದರೆ ಏನೂ ಉಳಿಯುವುದಿಲ್ಲ. ಇಲ್ಲಿಗೆ 40 ಇಂಚು ಆಳದ, ನೋಡಲು ವೈಭವದ ಸೋಫಾವನ್ನು ತಂದರೆ ಒಟ್ಟು 122 ಇಂಚಾಗಿ ಓಡಾಟದ ದಾರಿ ಕಿರಿದಾಗುತ್ತದೆ, ದಿನವೂ ಯಾರಾದರೊಬ್ಬರ ಮೊಣಕಾಲು ಟೀಪಾಯಿಯ ಅಂಚಿಗೆ ತಗಲುತ್ತದೆ. ಅದೇ ಜಾಗಕ್ಕೆ 32 ಇಂಚು ಆಳದ ಸೋಫಾ ತಂದರೆ 114 ಇಂಚಿನಲ್ಲಿ ಎಲ್ಲವೂ ಮುಗಿದು ಉಸಿರಾಡಲು ಜಾಗವಿರುತ್ತದೆ. ಕೊಳ್ಳುವವರ ಗಮನ ಉದ್ದದ ಮೇಲಿದ್ದರೂ ಹಜಾರವನ್ನು ಇಕ್ಕಟ್ಟು ಮಾಡುವುದು ಬಹುಮಟ್ಟಿಗೆ ಆಳವೇ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಉದ್ದದ ವಿಷಯದಲ್ಲಿ ಒಳಾಂಗಣ ವಿನ್ಯಾಸಕಾರರು ಬಳಸುವ ರೂಢಿಯ ಸೂತ್ರವೊಂದಿದೆ: ಸೋಫಾ ತಾನು ನಿಲ್ಲುವ ಗೋಡೆಯ ಮೂರರಲ್ಲಿ ಎರಡು ಪಾಲನ್ನು ಮೀರಬಾರದು. 12 ಅಡಿಯ ಗೋಡೆಗೆ ಇದರಿಂದ 8 ಅಡಿ ಬರುತ್ತದೆ. ಸೂತ್ರ ಒಳ್ಳೆಯದೇ, ಆದರೆ ಬಾಗಿಲು ಅದೇ ಗೋಡೆಯಲ್ಲಿದ್ದರೆ ಬಾಗಿಲಿನ ಅಗಲವನ್ನು ಕಳೆದು ಉಳಿದ ಗೋಡೆಗೆ ಮಾತ್ರ ಅದನ್ನು ಅನ್ವಯಿಸಬೇಕು. ಇದಲ್ಲದೆ ನಮ್ಮ ಫ್ಲ್ಯಾಟುಗಳಲ್ಲಿ ಹಜಾರವೂ ಊಟದ ಜಾಗವೂ ಒಂದೇ ಆಗಿರುವುದು ಹೆಚ್ಚು. ಮುಂಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ ಜನ ನಡೆಯುವ ದಾರಿಯನ್ನು ಮನಸ್ಸಿನಲ್ಲೇ ಗೆರೆ ಎಳೆದು, ಆ ದಾರಿ ಎಲ್ಲೂ 30 ಇಂಚಿಗಿಂತ ಕಿರಿದಾಗದಂತೆ, ಗಾಲಿಕುರ್ಚಿ ಬಳಸುವವರಿರುವ ಮನೆಯಲ್ಲಿ 36 ಇಂಚಿಗಿಂತ ಕಿರಿದಾಗದಂತೆ ನೋಡಿಕೊಳ್ಳಬೇಕು. ವಾಸ್ತು ನೋಡುವ ಮನೆಗಳಲ್ಲಿ ಭಾರದ ವಸ್ತುಗಳನ್ನು ನೈಋತ್ಯದಲ್ಲಿಡಬೇಕೆಂಬ ನಂಬಿಕೆಯಿಂದ ಸೋಫಾ ಯಾವ ಗೋಡೆಗೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆಗ ಗೋಡೆಯನ್ನು ಬದಲಿಸುವಂತಿಲ್ಲವಾದ್ದರಿಂದ ಅಳತೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಟೀವಿಯ ವಿಷಯದಲ್ಲಿ, ಪರದೆಯ ಕರ್ಣದ ಅಳತೆಯ ಒಂದೂವರೆ ಪಟ್ಟು ದೂರದಲ್ಲಿ ಕೂರುವುದು ಅನುಕೂಲವೆಂಬ ಲೆಕ್ಕವಿದೆ. ಅದರ ಪ್ರಕಾರ 43 ಇಂಚಿನ ಟೀವಿಗೆ ಸುಮಾರು ಐದೂವರೆ ಅಡಿ, 55 ಇಂಚಿನದಕ್ಕೆ ಸುಮಾರು 7 ಅಡಿ ದೂರ ಬೇಕು.

ಹಜಾರಕ್ಕೆ ಹೊಂದಿದರೆ ಸಾಲದು, ಸೋಫಾ ಕೂರುವವರ ಮೈಗೂ ಹೊಂದಬೇಕು. ಆಸನದ ಎತ್ತರ 16ರಿಂದ 18 ಇಂಚಿನ ನಡುವೆ ಇರುವುದು ವಾಡಿಕೆ. ಬೆನ್ನಿಗೆ ಒರಗಿ ಕುಳಿತಾಗ ಪಾದಗಳು ನೆಲಕ್ಕೆ ಪೂರ್ತಿ ತಾಗಬೇಕು, ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಎಡೆ ಇರಬೇಕು. ಎತ್ತರದ ಮೈಕಟ್ಟಿನವರಿಗಾಗಿ ಮಾಡಿದ 24 ಇಂಚು ಆಳದ ಆಸನದಲ್ಲಿ ಗಿಡ್ಡ ಮೈಕಟ್ಟಿನವರು ಒರಗಿದರೆ ಕಾಲು ತೂಗಾಡುತ್ತದೆ, ಕಾಲೂರಿದರೆ ಬೆನ್ನಿಗೆ ಆಸರೆ ತಪ್ಪುತ್ತದೆ. ಮಂಡಿನೋವಿನ ಹಿರಿಯರಿರುವ ಮನೆಯಲ್ಲಿ 18 ಇಂಚಿನ ಎತ್ತರ, ಗಟ್ಟಿಯಾದ ಮೆತ್ತೆ, ಏಳುವಾಗ ಅದುಮಿ ಹಿಡಿಯಲು ಗಟ್ಟಿಮುಟ್ಟಾದ ಕೈ, ಈ ಮೂರೂ ಅಗತ್ಯ. ಫೋಮಿನ ಮೆತ್ತೆ ಕೂತಾಗ ಒಂದೆರಡು ಇಂಚು ಕುಸಿಯುತ್ತದೆಯಾದ್ದರಿಂದ ಎತ್ತರವನ್ನು ಕುಳಿತು ನೋಡಿಯೇ ಒಪ್ಪಬೇಕು. ಅಂಗಡಿಯವರು 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಹೇಳುವುದು ಒಂದು ಘನಮೀಟರ್ ಫೋಮಿನ ತೂಕವನ್ನು ಕಿಲೋಗ್ರಾಂಗಳಲ್ಲಿ. ಈ ಅಂಕಿ ಹೆಚ್ಚಿದಷ್ಟೂ ಮೆತ್ತೆ ತನ್ನ ಆಕಾರವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಇನ್ನು ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸ ಸೋಫಾದ ಮೇಲೂ ಬಿಡದವರ ಮನೆಗಳಿವೆ. ಹಾಗೆ ಕೂತವರ ಮಂಡಿಗಳು ಎರಡೂವರೆ ಅಡಿಯವರೆಗೆ ಹರಡುವುದರಿಂದ, ಮೂರು ಮೆತ್ತೆಗಳಾಗಿ ಒಡೆದ ಸೋಫಾಕ್ಕಿಂತ ಒಂದೇ ಉದ್ದನೆಯ ಮೆತ್ತೆಯಿರುವ ಸೋಫಾವೋ, 6 ಅಡಿ ಉದ್ದ ಎರಡೂವರೆ ಅಡಿ ಅಗಲದ ದಿವಾನವೋ ಅಂಥವರಿಗೆ ಒಪ್ಪುತ್ತದೆ.

ಆಕಾರದ ಆಯ್ಕೆ ಮುಂದಿನ ಪ್ರಶ್ನೆ. ಮೂವರ ಸೋಫಾ ಒಂದು, ಒಬ್ಬೊಬ್ಬರು ಕೂರುವ ಕುರ್ಚಿ ಎರಡು ಸೇರಿದ ಹಳೆಯ ಮಾದರಿಯ ಸೆಟ್ಟನ್ನು ವ್ಯಾಪಾರದಲ್ಲಿ ತ್ರೀ ಪ್ಲಸ್ ಒನ್ ಪ್ಲಸ್ ಒನ್ ಎನ್ನುತ್ತಾರೆ. ಇದರ ದೊಡ್ಡ ಗುಣ ಬಿಡಿಬಿಡಿಯಾಗಿ ಸರಿಸಬಹುದೆಂಬುದು. ಒಂದು ಕುರ್ಚಿಯನ್ನು ಕೋಣೆಗೆ ಒಯ್ದರೂ ಉಳಿದ ಸೆಟ್ಟು ಕೆಟ್ಟು ಕಾಣುವುದಿಲ್ಲ. ಎಲ್ ಆಕಾರದ ಸೋಫಾ ಎರಡು ಗೋಡೆಗಳನ್ನು ಹಿಡಿದು ನಡುವಿನ ನೆಲವನ್ನು ತೆರವಾಗಿ ಬಿಡುತ್ತದೆ, ಆದರೆ ಅದರ ಮೂಲೆಯ ಆಸನದಲ್ಲಿ ಕೂತವರಿಗೆ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಆರು ಜನರದೆಂದು ಕೊಂಡದ್ದರಲ್ಲಿ ನೆಮ್ಮದಿಯಾಗಿ ಕೂರುವವರು ಐವರು. ಅದರ ಉದ್ದನೆಯ ತೋಳು ಎಡಕ್ಕೆ ಬರಬೇಕೆ ಬಲಕ್ಕೆ ಬರಬೇಕೆ ಎಂಬುದನ್ನೂ ಬಾಯಿಮಾತಿನಲ್ಲಿ ಹೇಳಿದರೆ ಎಡವಟ್ಟಾಗುವ ಸಂಭವ ಹೆಚ್ಚು, ಏಕೆಂದರೆ ಎದುರು ನಿಂತು ನೋಡುವವರ ಎಡ ಅದರಲ್ಲಿ ಕೂತವರ ಬಲವಾಗುತ್ತದೆ. ಆದ್ದರಿಂದ ಚಿತ್ರ ಬರೆದು ಕೊಡುವುದು ಲೇಸು. ಬೆನ್ನು ಹಿಂದಕ್ಕೆ ವಾಲಿ ಕಾಲುಪಟ್ಟಿ ಮುಂದಕ್ಕೆ ಬರುವ ರಿಕ್ಲೈನರ್ ಮಡಿಸಿದ್ದಾಗ 3 ಅಡಿಯಷ್ಟಿದ್ದರೂ ಬಿಚ್ಚಿದಾಗ 5 ಅಡಿಯನ್ನು ಮೀರುತ್ತದೆ, ಗೋಡೆಯಿಂದಲೂ ಒಂದಡಿಯಷ್ಟು ದೂರ ಕೇಳುತ್ತದೆ. ರಾತ್ರಿ ಹಾಸಿಗೆಯಾಗುವ ಸೋಫಾ ಕಮ್ ಬೆಡ್ಡನ್ನೂ ಬಿಚ್ಚಿದ ಅಳತೆಯಿಂದಲೇ ಲೆಕ್ಕ ಹಾಕಬೇಕು.

ಹಜಾರ ತೀರ ಚಿಕ್ಕದಾದರೆ ಈ ಆಯ್ಕೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ನಿಗದಿಪಡಿಸಿರುವ ಕನಿಷ್ಠ ವಿಸ್ತೀರ್ಣ 9.5 ಚದರ ಮೀಟರ್, ಕನಿಷ್ಠ ಅಗಲ 2.4 ಮೀಟರ್, ಅಂದರೆ ಸುಮಾರು 102 ಚದರಡಿ ನೆಲ, 8 ಅಡಿಗೂ ತುಸು ಕಡಿಮೆ ಅಗಲ. ಬೆಂಗಳೂರಿನ 20 ಅಡಿಗೆ 30 ಅಡಿಯ ನಿವೇಶನಗಳ ಮೇಲೆ ಎದ್ದ ಬಾಡಿಗೆ ಮನೆಗಳಲ್ಲಿ ಇದರ ಆಸುಪಾಸಿನ ಹಜಾರಗಳೇ ಹೆಚ್ಚಾಗಿ ಕಾಣುತ್ತವೆ. ಇಂಥ ಕಡೆ 5 ಅಡಿ ಉದ್ದ, 30 ಇಂಚು ಆಳದ ಇಬ್ಬರ ಸೋಫಾ, ಎರಡು ಹಗುರ ಕುರ್ಚಿ, ನಡುವೆ ಟೀಪಾಯಿಯ ಬದಲು ಪಕ್ಕದಲ್ಲಿ ಒಂದು ಸ್ಟೂಲು ಎಂಬ ಏರ್ಪಾಡಿಗಿಂತ ಹೆಚ್ಚಿನದು ಕಷ್ಟ. 30 ಅಡಿಗೆ 40 ಅಡಿಯ ನಿವೇಶನದ ಮನೆಗಳಲ್ಲಿ ಸಿಗುವ 10 ಅಡಿಗೆ 14 ಅಡಿಯ ಹಜಾರಕ್ಕೆ ಆರೂವರೆ ಅಡಿಯ ಮೂವರ ಸೋಫಾ ಮತ್ತು ಒಂದು ದಿವಾನ ಹೊಂದುತ್ತವೆ. ಎಲ್ ಆಕಾರದ ದೊಡ್ಡ ಸೋಫಾ ನಿಜವಾಗಿ ಒಪ್ಪುವುದು ಹಜಾರದ ಅಗಲ 12 ಅಡಿಯನ್ನು ದಾಟಿದ ಮೇಲೆಯೇ.

ಇಷ್ಟಾದ ಮೇಲೆ ಹಬ್ಬದ ದಿನದ ಲೆಕ್ಕವನ್ನೂ ಮಾಡಬೇಕು. ಬಾಳೆಎಲೆ ಹಾಕಿ ನೆಲದ ಮೇಲೆ ಪಂಕ್ತಿ ಕೂರಿಸುವ ಮನೆಯಲ್ಲಿ ಒಬ್ಬೊಬ್ಬರಿಗೆ 2 ಅಡಿ ಅಗಲ ಹಿಡಿದರೂ 10 ಅಡಿ ಉದ್ದದ ಸಾಲಿನಲ್ಲಿ ಐವರು ಕೂರುತ್ತಾರೆ, ಬಡಿಸುವವರು ಬಗ್ಗಿ ನಡೆಯಲು ಮುಂದೆ ದಾರಿ ಬೇಕು. ಗೊಂಬೆಯ ಮೆಟ್ಟಿಲುಗಳು, ಪೂಜೆಯ ಮಂಟಪ, ಅದರ ಮುಂದಿನ ರಂಗೋಲಿ, ಇವುಗಳಲ್ಲಿ ಆ ಮನೆಯಲ್ಲಿ ವರ್ಷವರ್ಷವೂ ನಡೆಯುವುದು ಯಾವುದೋ ಅದಕ್ಕೆ ಬೇಕಾದ ನೆಲವನ್ನು ಮೊದಲೇ ಗುರುತಿಸಿಟ್ಟು, ಸೋಫಾವನ್ನು ಆ ದಿನ ಎಲ್ಲಿಗೆ ಸರಿಸುವುದೆಂದು ಯೋಚಿಸಬೇಕು. ಇಬ್ಬರು ಎತ್ತಿ ಸರಿಸಲಾಗದ ತೇಗದ ಭಾರೀ ಸೋಫಾ ಅಂಥ ಮನೆಗೆ ಅಳತೆಯಲ್ಲಿ ಸರಿಯಿದ್ದರೂ ತೂಕದಲ್ಲಿ ತಪ್ಪು. ಕಾಲುಗಳು 5 ಇಂಚಾದರೂ ಎತ್ತರವಿದ್ದರೆ ಕಸಪೊರಕೆಯೂ ಒರೆಸುವ ಬಟ್ಟೆಯೂ ಕೆಳಗೆ ಹೋಗುತ್ತವೆ. ಮಲೆನಾಡು ಕರಾವಳಿಗಳ ಮಳೆಗಾಲದ ಥಂಡಿಯಲ್ಲಿ ಬಟ್ಟೆಯ ಬೆನ್ನಿಗೆ ಬೂಷ್ಟು ಹಿಡಿಯದಿರಲು ಗೋಡೆಯಿಂದ ಎರಡು ಮೂರು ಇಂಚು ಬಿಟ್ಟಿಡುವುದು ಒಳ್ಳೆಯದು. ಆ ಇಂಚುಗಳನ್ನೂ ಮೊದಲು ಹೇಳಿದ ಲೆಕ್ಕಕ್ಕೆ ಸೇರಿಸಬೇಕು.

ಹಜಾರದಲ್ಲಿ ಹಿಡಿಯುವ ಸೋಫಾ ಮನೆಯೊಳಗೆ ಬರಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ. ಮೂರೂವರೆ ಅಡಿಯ ಮುಂಬಾಗಿಲೆಂದರೆ ಅದು ಹೆಚ್ಚಾಗಿ ಚೌಕಟ್ಟು ಸೇರಿದ ಅಳತೆ. ಚೌಕಟ್ಟಿನ ಮರ ಎರಡೂ ಬದಿಯಲ್ಲಿ 3 ಇಂಚು ಹಿಡಿದರೆ ತೆರವು 36 ಇಂಚು, ಬಾಗಿಲ ರೆಕ್ಕೆ ಪೂರ್ತಿ ಮಡಚಿಕೊಳ್ಳದಿದ್ದರೆ ಅದಕ್ಕೂ ಕಡಿಮೆ. ಆಳವೂ ಎತ್ತರವೂ 36 ಇಂಚನ್ನು ಮೀರಿದ ಸೋಫಾವನ್ನು ಓರೆ ಮಾಡಿ ತೂರಿಸಬೇಕಾಗುತ್ತದೆ. ಅದು ಸಾಧ್ಯವೇ ಎಂದು ತಿಳಿಯಲು ಸೋಫಾದ ಕರ್ಣದ ಆಳವನ್ನು ನೋಡುವ ಕ್ರಮವಿದೆ: ಬೆನ್ನಿನ ಮೇಲ್ತುದಿಯಿಂದ ಕೈಯ ಮುಂತುದಿಗೆ ನೇರವಾದ ಕೋಲೊಂದನ್ನು ಹಿಡಿದು, ಹಿಂಬದಿಯ ಕೆಳಮೂಲೆಯಿಂದ ಆ ಕೋಲಿಗೆ ಇರುವ ಅತಿ ಕಡಿಮೆ ದೂರವನ್ನು ಅಳೆಯುವುದು. ಅದು ಬಾಗಿಲಿನ ತೆರವಿಗಿಂತ ಕಡಿಮೆಯಿದ್ದರೆ ಸೋಫಾ ಒಳಬರುತ್ತದೆ. ಲಿಫ್ಟಿನ ಕಥೆ ಇನ್ನೂ ಕಟ್ಟುನಿಟ್ಟು. ಎಂಟು ಜನರ, ಅಂದರೆ 544 ಕಿಲೋಗ್ರಾಂ ಹೊರುವ ಲಿಫ್ಟಿನ ಒಳಗು ಸಾಮಾನ್ಯವಾಗಿ 1300 ಮಿಲಿಮೀಟರ್ ಅಗಲ, 1100 ಮಿಲಿಮೀಟರ್ ಆಳ, ಬಾಗಿಲು 800 ಮಿಲಿಮೀಟರ್. ಆರೂವರೆ ಅಡಿಯ ಸೋಫಾವನ್ನು ನೆಟ್ಟಗೆ ನಿಲ್ಲಿಸಿದರೂ ಸುಮಾರು 2 ಮೀಟರ್ ಎತ್ತರದ ಆ ಬಾಗಿಲಿನಲ್ಲಿ ಅದು ತೂರುವುದು ಅನುಮಾನ. ಆಗ ಮೆಟ್ಟಿಲೇ ಗತಿ, ಮೆಟ್ಟಿಲು ತಿರುಗುವ ಕಟ್ಟೆಯ ಅಗಲವೇ ಕೊನೆಯ ಮಾತು. ಮೇಲಿನ ಮಹಡಿಯವರು ಬಿಡಿಭಾಗಗಳಾಗಿ ಬಿಚ್ಚಿ ಜೋಡಿಸುವ ಸೋಫಾವನ್ನು ಆರಿಸುವುದು ಇದಕ್ಕಾಗಿಯೇ.

ಲೆಕ್ಕವೆಲ್ಲ ಕಾಗದದ ಮೇಲೆ ಮುಗಿದ ಬಳಿಕ ನೆಲದ ಮೇಲೊಂದು ಪರೀಕ್ಷೆ ನಡೆಸಬಹುದು. ಹಳೆಯ ದಿನಪತ್ರಿಕೆಗಳನ್ನು ಅಂಟುಪಟ್ಟಿಯಿಂದ ಜೋಡಿಸಿ, ಸೋಫಾದ ಉದ್ದ ಆಳಗಳಿಗೆ ಸರಿಯಾಗಿ ಕತ್ತರಿಸಿ, ಅದು ಬರುವ ಜಾಗದಲ್ಲೇ ಹಾಸಿ, ಟೀಪಾಯಿಗೂ ಹಾಗೆಯೇ ಒಂದು ತುಂಡು ಹಾಸಿ, ಎರಡು ದಿನ ಮನೆಮಂದಿ ಆ ಕಾಗದವನ್ನು ತುಳಿಯದೆ ಓಡಾಡಬೇಕು. ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋಗುವವರ ಕಾಲು, ಶಾಲೆಯಿಂದ ಬಂದು ಚೀಲ ಎಸೆಯುವ ಮಕ್ಕಳ ಕಾಲು ಕಾಗದದ ಯಾವ ಮೂಲೆಯನ್ನು ಹರಿಯುತ್ತದೆಯೋ ಸೋಫಾದ ಅಳತೆ ಆ ಮೂಲೆಯಲ್ಲಿ ಕುಗ್ಗಬೇಕೆಂದು ತಿಳಿಯಬೇಕು.

ಕರ್ನಾಟಕದ ಊರುಗಳಲ್ಲಿ ಇನ್ನೂ ಉಳಿದಿರುವ ಒಂದು ಅನುಕೂಲವನ್ನು ಇಲ್ಲಿ ನೆನೆಯಬೇಕು. ಸಿದ್ಧ ಸೋಫಾದ ಅಳತೆ ಹೊಂದದಿದ್ದರೆ ಊರಿನ ಬಡಗಿಯಿಂದಲೋ ಸೋಫಾ ಮಾಡುವ ಚಿಕ್ಕ ಕಾರ್ಖಾನೆಯಿಂದಲೋ ಬೇಕಾದ ಅಳತೆಗೆ ಮಾಡಿಸಿಕೊಳ್ಳಬಹುದು. ಆಳದಲ್ಲಿ 4 ಇಂಚು ತಗ್ಗಿಸಿ, ಕೈಯ ದಪ್ಪವನ್ನು ಅರ್ಧಕ್ಕಿಳಿಸಿ ಮಾಡಿಕೊಡುವುದು ಅವರಿಗೆ ಕಷ್ಟದ ಕೆಲಸವಲ್ಲ. ಆದರೆ 11 ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿರುವವರು ಈಗಿನ ಹಜಾರವೊಂದಕ್ಕೇ ಅಂಗಿ ಹೊಲಿಸಿದಂತೆ ಸೋಫಾ ಮಾಡಿಸುವುದು ಜಾಣತನವಲ್ಲ. ಮುಂದಿನ ಮನೆಯ ಗೋಡೆ ಎಷ್ಟುದ್ದವಿರುತ್ತದೆಂದು ತಿಳಿಯದ ಕಾರಣ, ಆರೂವರೆ ಅಡಿಗೆ ಮೀರದ, ಕೈ ತೆಳುವಾದ, ಎಡಬಲದ ಭೇದವಿಲ್ಲದ ಸೋಫಾ ಅವರಿಗೆ ಹೆಚ್ಚು ಮನೆಗಳಲ್ಲಿ ಒದಗುತ್ತದೆ.

ಮುಂಗಡ ಕೊಡುವ ಮೊದಲು ಚೀಟಿಯಲ್ಲಿ ಬರೆಸಬೇಕಾದವು ಇವು: ಹೊರಗಿನ ಉದ್ದ, ಆಳ, ಎತ್ತರ; ಒಬ್ಬೊಬ್ಬರ ಆಸನದ ಅಗಲ; ನೆಲದಿಂದ ಆಸನದ ಎತ್ತರ; ಕೈಯ ದಪ್ಪ; ಕಾಲಿನ ಎತ್ತರ; ಬಿಚ್ಚುವ ಬಗೆಯದಾದರೆ ಬಿಚ್ಚಿದ ಅಳತೆ; ಯಾವ ಮಹಡಿಗೆ, ಯಾವ ದಾರಿಯಿಂದ ತಲುಪಿಸುವುದೆಂಬ ವಿವರ. ಇವನ್ನು ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಮುಂಗಡ ಕೊಡದಿರುವುದೇ ಮೇಲು. ಬಟ್ಟೆ ಹಳತಾದರೆ ಹೊಸ ಬಟ್ಟೆ ಹೊದಿಸಬಹುದು, ಕುಸಿದ ಫೋಮನ್ನು ಬದಲಿಸಬಹುದು, ಆದರೆ ಚೌಕಟ್ಟಿನ ಅಳತೆಯನ್ನು ಮನೆಗೆ ತಂದ ಮೇಲೆ ತಿದ್ದಲಾಗದು. ಹೀಗಾಗಿ ಬಣ್ಣಬೆಲೆಗಳ ಮಾತನ್ನು ಅಳತೆಯ ಮಾತು ಮುಗಿದ ಮೇಲೆಯೇ ಎತ್ತುವುದು ಒಳಿತು.